ಐವತ್ತು ದಾಟಿದ ಮುಖವನ್ನು ನೋಡಿಕೊಳ್ಳುವುದು ಹೇಗೆ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಒಂದು ಹಳೇ ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ ನನ್ನ ಪಾರ್ಲರ್ ಇದೆ. ಒಂದು ಕೋಣೆ, ಎರಡು ಕುರ್ಚಿ, ಗೋಡೆಗೆ ಒಂದು ದೊಡ್ಡ ಕನ್ನಡಿ. 1990ರಲ್ಲಿ ಕುಮಟಾದಿಂದ ಮದುವೆಯಾಗಿ ಬಂದೆ. 1996ರಲ್ಲಿ ಈ ಕೆಲಸ ಶುರು ಮಾಡಿದೆ. ಈಗ ನನಗೆ 58. ಅವತ್ತು ಕಾಲೇಜು ಬ್ಯಾಗ್ ಹಾಕಿಕೊಂಡು ಹುಬ್ಬು ತೆಗೆಸಲು ಬರುತ್ತಿದ್ದ ಹುಡುಗಿಯರು ಈಗ ಮಗಳ ಮದುವೆಗೆ ಫೇಶಿಯಲ್ ಮಾಡಿಸಿಕೊಳ್ಳಲು ಬರುತ್ತಾರೆ. ಅವರ ಮುಖವೂ ನನ್ನ ಮುಖವೂ ಅದೇ ಕನ್ನಡಿಯಲ್ಲಿ ಜೊತೆಜೊತೆಗೇ ಬದಲಾದವು.

ಕುರ್ಚಿಯಲ್ಲಿ ಕೂತ ಕೂಡಲೇ ಅವರು ಕೇಳುವುದು ಒಂದೇ ಮಾತು. "ಅಕ್ಕಾ, ನೋಡಿ, ಮುಖ ಏನಾಗಿಬಿಟ್ಟಿದೆ. ಏನಾದ್ರೂ ಮಾಡೋಕಾಗುತ್ತಾ?" ಕೇಳುವಾಗ ಕೆಲವರ ಗಂಟಲು ಕಟ್ಟುತ್ತದೆ. ಇದೆಲ್ಲ ಸಣ್ಣ ವಿಷಯ ಅಂತ ಹೇಳುವವರಿದ್ದಾರೆ. ನನಗೆ ಒಂದು ದಿನವೂ ಹಾಗೆ ಅನ್ನಿಸಿಲ್ಲ. ಇಷ್ಟು ವರ್ಷ ಗುರುತಿದ್ದ ಮುಖ ಒಂದು ಬೆಳಿಗ್ಗೆ ಬೇರೆ ಯಾರದೋ ಅನ್ನುವಂತೆ ಕಂಡರೆ ಯಾರಿಗಾದರೂ ಸಂಕಟ ಆಗುತ್ತದೆ.

ನಮ್ಮ ಮಾತಿನಲ್ಲಿ "ನೋಡಿಕೊಳ್ಳುವುದು" ಅಂದರೆ ಎರಡು ಅರ್ಥ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತೇವೆ. ಮನೆಯ ಮಕ್ಕಳನ್ನು, ಅತ್ತೆ ಮಾವನನ್ನು ನೋಡಿಕೊಳ್ಳುತ್ತೇವೆ. ವಯಸ್ಸಾಗುತ್ತ ಬಂದಂತೆ ನಾವು ಮುಖವನ್ನು ಮೊದಲ ಅರ್ಥದಲ್ಲಿ ಮಾತ್ರ ನೋಡಿಕೊಳ್ಳುತ್ತೇವೆ, ಅದೂ ತಪ್ಪು ಹುಡುಕುವುದಕ್ಕೆ. ಎರಡನೇ ಅರ್ಥದಲ್ಲಿ ನೋಡಿಕೊಳ್ಳುವುದು ಹೇಗೆ ಅಂತ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಬೆಳಕು

ಮುಂಬೈ ಕಡೆಯ ಫ್ಲ್ಯಾಟುಗಳಲ್ಲಿ ಕನ್ನಡಿ ಇರುವುದು ಎಲ್ಲಿ? ಬಾತ್‌ರೂಮಿನಲ್ಲಿ, ಇಲ್ಲವಾದರೆ ಕಪಾಟಿನ ಬಾಗಿಲ ಮೇಲೆ. ತಲೆಯ ಮೇಲೆ ಒಂದು ಲೈಟು. ಮೇಲಿಂದ ಬೀಳುವ ಬೆಳಕು ಕಣ್ಣ ಕೆಳಗೆ, ಮೂಗಿನ ಪಕ್ಕದ ಗೆರೆಯಲ್ಲಿ, ಗದ್ದದ ಕೆಳಗೆ ನೆರಳು ಹಾಕುತ್ತದೆ. ಹದಿನೆಂಟರ ಹುಡುಗಿಯೂ ಆ ಬೆಳಕಿನಲ್ಲಿ ದಣಿದವಳಂತೆ ಕಾಣುತ್ತಾಳೆ. ಬೆಳಿಗ್ಗೆ ಐದೂವರೆಗೆ ಎದ್ದು, ನಿದ್ದೆ ಸರಿಯಾಗದ ಮುಖವನ್ನು ಆ ಬೆಳಕಿನಲ್ಲಿ ನೋಡಿಕೊಂಡು, ಅದೇ ಬೇಜಾರನ್ನು ಹೊತ್ತುಕೊಂಡು ಲೋಕಲ್ ರೈಲು ಹತ್ತುತ್ತೇವೆ.

ಒಂದು ಸಣ್ಣ ಕನ್ನಡಿಯನ್ನು ಕಿಟಕಿಯ ಎದುರಿಗೆ ಬರುವ ಹಾಗೆ ತೂಗು ಹಾಕಿ. ಬೆಳಕು ಮುಖದ ಮುಂದಿನಿಂದ ಬೀಳಬೇಕು. ಬೊಟ್ಟು, ಬಾಚಣಿಗೆಗೆ ಅಲ್ಲೇ ನಿಲ್ಲಿ. ಮುಖವನ್ನು ದೊಡ್ಡದು ಮಾಡಿ ತೋರಿಸುವ ಕನ್ನಡಿ ಮನೆಯಲ್ಲಿದ್ದರೆ ಗದ್ದದ ಕೂದಲು ಕೀಳುವುದಕ್ಕೆ ಮಾತ್ರ ತೆಗೆಯಿರಿ. ಮೊಬೈಲಿನ ಸೆಲ್ಫಿಯನ್ನಂತೂ ನಂಬಲೇಬೇಡಿ. ಹತ್ತಿರ ಹಿಡಿದ ಕ್ಯಾಮೆರಾಗೆ ಹತ್ತಿರದ್ದೆಲ್ಲ ದೊಡ್ಡದು. ಮೂಗು ಅಗಲವಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಎದುರಿಗೆ ನಿಂತು ಮಾತಾಡುವವರಿಗೆ ನೀವು ಹಾಗೆ ಕಾಣುವುದಿಲ್ಲ.

ಇನ್ನು ತಿಂಗಳಿಗೊಮ್ಮೆ ನಿಧಾನವಾಗಿ ಒಂದು ಸಲ ನೋಡಿಕೊಳ್ಳಬೇಕು. ನಾನು ತಿಂಗಳ ಮೊದಲ ಭಾನುವಾರ, ಎಣ್ಣೆ ಸ್ನಾನಕ್ಕೆ ಮುಂಚೆ ಹತ್ತು ನಿಮಿಷ ಕೂರುತ್ತೇನೆ. ಚಾಳೀಸು ಕನ್ನಡಕ ಹಾಕಿಕೊಂಡೇ ನೋಡಿಕೊಳ್ಳುತ್ತೇನೆ. ಬೈತಲೆ ಅಗಲವಾಗುತ್ತಿದೆಯಾ? ಕತ್ತಿನ ಬಣ್ಣ ಬದಲಾಗಿದೆಯಾ? ಹಳೇ ಮಚ್ಚೆ ಬೆಳೆದಿದೆಯಾ, ಅಂಚು ಹರಿದ ಹಾಗೆ ಆಗಿದೆಯಾ, ರಕ್ತ ಬರುತ್ತಿದೆಯಾ? ಎದೆಯಲ್ಲಿ ಗಂಟು ಕೈಗೆ ಸಿಗುತ್ತದೆಯಾ, ಎಲ್ಲಾದರೂ ಚರ್ಮ ಒಳಗೆ ಎಳೆದುಕೊಂಡಿದೆಯಾ? ಹೌದು ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗುವುದು. ಉಳಿದ ಇಪ್ಪತ್ತೊಂಬತ್ತು ದಿನ ಕನ್ನಡಿಗೆ ಕೊಡುವುದು ಎರಡೇ ನಿಮಿಷ.

ಒಳಗೆ ಆಗುತ್ತಿರುವುದು

ಮುಖ ಯಾಕೆ ಬದಲಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆಯಿ, ಅಂದರೆ ನನ್ನ ಅಮ್ಮ, ಕೂಡ ಹೇಳಲಿಲ್ಲ. ಮುಟ್ಟು ನಿಂತದ್ದನ್ನು ಅವಳು ಒಂದೇ ವಾಕ್ಯದಲ್ಲಿ ಮುಗಿಸಿದ್ದಳು, "ನನ್ನದು ನಿಂತಿತು." ನನಗೆ 47ಕ್ಕೆ ನಿಂತಿತು. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ 46, 47ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪೂರ್ತಿ ಹನ್ನೆರಡು ತಿಂಗಳು ಬರದಿದ್ದರೆ ನಿಂತಿದೆ ಅಂತ ಲೆಕ್ಕ. ಆಮೇಲೆ ಒಂದು ಚುಕ್ಕೆ ರಕ್ತ ಕಂಡರೂ ಕಾಯಬಾರದು, ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು.

ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಶೇಕಡಾ 30ರಷ್ಟು ಕಡಿಮೆಯಾಗುತ್ತದೆ ಅನ್ನುತ್ತಾರೆ ಚರ್ಮದ ಡಾಕ್ಟರುಗಳು. ಈಸ್ಟ್ರೋಜೆನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿಯುವುದರಿಂದ ಹೀಗಾಗುತ್ತದೆ. "ಎರಡೇ ವರ್ಷದಲ್ಲಿ ಮುಖ ಇಳಿದುಹೋಯ್ತು" ಅಂತ ಹೆಂಗಸರು ಅನ್ನುವುದು ಸುಮ್ನೆ ಅಲ್ಲ. ನಿಜವಾಗಿಯೂ ಆ ಕೆಲವು ವರ್ಷ ಬೇಗ ಬದಲಾಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಗದ್ದದ ಮೇಲೆ ಒಂದೆರಡು ದಪ್ಪ ಕೂದಲು ಬರುವುದು, ಸೊಂಟದ ಕೊಬ್ಬು ಹೊಟ್ಟೆಗೆ ಬರುವುದು, ಚರ್ಮ ಒಣಗುವುದು, ಎಲ್ಲದರ ಹಿಂದೆಯೂ ಇದೇ ಇದೆ. ನೀವು ಕ್ರೀಮು ಹಚ್ಚದೇ ಇದ್ದದ್ದಕ್ಕೆ ಆದದ್ದಲ್ಲ. ಇದನ್ನು ಹೇಳಿದಾಗ ಎಷ್ಟೋ ಜನರ ಭುಜ ಸಡಿಲವಾಗುವುದನ್ನು ನಾನು ಕನ್ನಡಿಯಲ್ಲಿ ನೋಡಿದ್ದೇನೆ.

ಬೆಂಕಿ ಹತ್ತಿದ ಹಾಗೆ ಮೈ ಬಿಸಿಯೇರಿ ರಾತ್ರಿ ನಿದ್ದೆಯೇ ಇಲ್ಲದಿದ್ದರೆ ಸಹಿಸಿಕೊಂಡು ಕೂರಬೇಡಿ. ಅದಕ್ಕೆ ಚಿಕಿತ್ಸೆ ಇದೆ. ಹಾರ್ಮೋನು ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಅಂತ ಡಾಕ್ಟರು ನೋಡಿ ಹೇಳುತ್ತಾರೆ. ನಿದ್ದೆ ಸರಿಹೋದರೆ ಅರ್ಧ ಮುಖ ಸರಿಹೋಗುತ್ತದೆ.

ಕೂದಲಿನ ವಿಷಯ

ಕೂದಲಿನ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ.

ನಾನು 38ನೇ ವಯಸ್ಸಿನಿಂದ ಡೈ ಹಚ್ಚುತ್ತಿದ್ದೆ. ಪಾರ್ಲರ್ ನಡೆಸುವವಳ ತಲೆ ಬಿಳಿ ಇದ್ದರೆ ಗಿರಾಕಿ ಬರುತ್ತಾರಾ ಅನ್ನುವ ಭಯ. ಒಂಬತ್ತು ವರ್ಷ ಏನೂ ಆಗಲಿಲ್ಲ. 2014ರಲ್ಲಿ ಕುಮಟಾದಲ್ಲಿ ಅಣ್ಣನ ಮಗನ ಮದುವೆ. ಎರಡು ದಿನ ಮುಂಚೆ ಇಲ್ಲೇ ಹಚ್ಚಿಕೊಂಡು ರೈಲು ಹತ್ತಿದೆ. ರತ್ನಾಗಿರಿ ದಾಟುವಾಗ ಕಿವಿಯ ಹಿಂದೆ ತುರಿಕೆ ಶುರುವಾಯಿತು. ಮದುವೆಯ ಬೆಳಿಗ್ಗೆ ಎದ್ದರೆ ರೆಪ್ಪೆ ಬಿಚ್ಚಲು ಆಗುತ್ತಿಲ್ಲ. ಎರಡೂ ಕಣ್ಣು ಬಾತುಕೊಂಡು ಮುಚ್ಚಿಹೋಗಿದ್ದವು. ಬೈತಲೆಯಿಂದ ನೀರು ಒಸರುತ್ತಿತ್ತು. ಧಾರೆಯ ಹೊತ್ತಿಗೆ ನಾನು ಊರಿನ ಡಾಕ್ಟರ ಬೆಂಚಿನ ಮೇಲೆ ಕೂತಿದ್ದೆ. ಗಟ್ಟಿಮೇಳದ ಸದ್ದು ಅಲ್ಲಿಗೇ ಕೇಳಿಸಿತು.

ಕಪ್ಪು ಡೈಯಲ್ಲಿ ಹೆಚ್ಚಾಗಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಪ್ಯಾಕೆಟ್ಟಿನ ಹಿಂದೆ ಪ್ಯಾರಾಫಿನೈಲೀನ್‌ಡೈಅಮೀನ್ ಅಂತ ಬರೆದಿರುತ್ತದೆ. ಹತ್ತು ವರ್ಷ ಹಚ್ಚಿದರೂ ಸುಮ್ಮನಿದ್ದ ಮೈ ಹನ್ನೊಂದನೇ ವರ್ಷ ಅದಕ್ಕೆ ತಿರುಗಿ ಬೀಳಬಹುದು. ಒಮ್ಮೆ ತಿರುಗಿತು ಅಂದರೆ ಆಮೇಲೆ ಪ್ರತಿ ಸಲವೂ ಕಾಡುತ್ತದೆ. ಹಾಗಾಗಿ ಡೈ ಹಚ್ಚುವವರು ಪ್ರತಿ ಸಲ ಹೀಗೆ ಮಾಡಿ. ಕಲಸಿದ ಡೈಯನ್ನು ಒಂದು ಕಾಳಿನಷ್ಟು ತೆಗೆದು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಗೆ ಹಚ್ಚಿ. 48 ಗಂಟೆ ಕಾಯಿರಿ. ತುರಿಕೆ, ಕೆಂಪು, ಗುಳ್ಳೆ ಏನಾದರೂ ಬಂದರೆ ಆ ಡೈ ಬೇಡ. ನನ್ನ ಪಾರ್ಲರಿನಲ್ಲಿ ಇದನ್ನು ಮಾಡಿಸಿಕೊಳ್ಳದೆ ನಾನು ಯಾರಿಗೂ ಹಚ್ಚುವುದಿಲ್ಲ. "ನಾಳೆ ಮುಂಜಿ ಇದೆ ಅಕ್ಕಾ, ಪ್ಲೀಸ್" ಅಂದರೂ ಇಲ್ಲ. ಮುಖ, ತುಟಿ ಬಾತು ಉಸಿರಿಗೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮೆಹಂದಿ ಹಚ್ಚಿದರೆ ಕ್ಷೇಮ ಅಂತ ಹೇಳುತ್ತಾರೆ. ಬರೀ ಮೆಹಂದಿ ಆದರೆ ಸರಿ. ಬರೀ ಮೆಹಂದಿ ಬಿಳಿ ಕೂದಲಿಗೆ ಕಿತ್ತಳೆ ಕೆಂಪು ಕೊಡುತ್ತದೆ, ಕಪ್ಪು ಕೊಡುವುದಿಲ್ಲ. ಬಣ್ಣ ಹಿಡಿಯಲು ಗಂಟೆಗಟ್ಟಲೆ ಬೇಕು. "ಇಪ್ಪತ್ತು ನಿಮಿಷದಲ್ಲಿ ಕಪ್ಪು" ಅನ್ನುವ ಮೆಹಂದಿಯಲ್ಲಿ ಹೆಚ್ಚಾಗಿ ಅದೇ ಪಿಪಿಡಿ ಬೆರೆತಿರುತ್ತದೆ. ಪ್ಯಾಕೆಟ್ ತಿರುಗಿಸಿ ಓದಿ.

ಮದುವೆಯಿಂದ ಬಂದ ಮೇಲೆ ಆರು ವರ್ಷ ನಾನು ಮೆಹಂದಿಯಲ್ಲೇ ಇದ್ದೆ. ಆಮೇಲೆ 2020ರ ಮಾರ್ಚ್ ಬಂತು. ಕೊರೋನಾ ಲಾಕ್‌ಡೌನ್‌ಗೆ ಪಾರ್ಲರ್ ಮುಚ್ಚಿತು. ಜೂನ್ ಕೊನೆಯವರೆಗೆ, ಮೂರು ತಿಂಗಳಿಗೂ ಜಾಸ್ತಿ, ಬಾಗಿಲು ತೆರೆಯಲಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬಾಗಿಲು ತೆರೆದ ವಾರ ಬಂದ ಪ್ರತಿಯೊಬ್ಬರ ಬೈತಲೆಯಲ್ಲೂ ಎರಡು ಬೆರಳು ಅಗಲದ ಬಿಳಿ. ಇಪ್ಪತ್ತು ವರ್ಷದಿಂದ ತಲೆಗೆ ಕೈ ಹಚ್ಚಿದವಳು ನಾನು, ಆದರೂ ಅವರ ನಿಜವಾದ ಕೂದಲನ್ನು ಅವತ್ತೇ ಮೊದಲು ನೋಡಿದೆ. ಒಬ್ಬರದು ಬೂದಿ ಬಣ್ಣ, ಒಬ್ಬರದು ಹಣೆಯ ಹತ್ತಿರ ಮಾತ್ರ ಬೆಳ್ಳಿ ಪಟ್ಟಿ. ಕೆಲವರು ತಕ್ಷಣ ಮುಚ್ಚಿಸಿಕೊಂಡರು. ನಾಲ್ಕು ಜನ ಮುಚ್ಚಿಸಲಿಲ್ಲ. ಐದನೆಯವಳು ನಾನು.

ಬಿಳಿ ಬಿಡಬೇಕು ಅನ್ನುವವರಿಗೆ ಕಷ್ಟ ಇರುವುದು ಮೊದಲ ಒಂದು ವರ್ಷ. ಮೇಲೆ ಬಿಳಿ, ಕೆಳಗೆ ಕಪ್ಪು, ನಡುವೆ ಗೆರೆ. ದಾಟುವುದಕ್ಕೆ ಮೂರು ದಾರಿ ಇವೆ. ಭುಜಕ್ಕಿಂತ ಮೇಲೆ ಕತ್ತರಿಸಿಬಿಟ್ಟರೆ ಎರಡು ವರ್ಷದೊಳಗೆ ಹಳೇ ಬಣ್ಣ ಪೂರ್ತಿ ಹೋಗುತ್ತದೆ. ಇಲ್ಲವಾದರೆ ಕಪ್ಪು ಭಾಗದಲ್ಲಿ ತಿಳಿ ಬಣ್ಣದ ಸಣ್ಣ ಸಣ್ಣ ಎಳೆ ಹಾಕಿಸಿ, ಗೆರೆ ಮಸುಕಾಗುತ್ತದೆ. ಆದರೆ ಇದಕ್ಕೆ ಬ್ಲೀಚ್ ಬೇಕು, ಕೂದಲು ಒರಟಾಗುತ್ತದೆ, ಖರ್ಚೂ ಇದೆ. ಮೂರನೆಯದು, ಬೈತಲೆ ನೇರ ತೆಗೆಯದೆ ಅಂಕುಡೊಂಕಾಗಿ ತೆಗೆದು ತುರುಬು ಕಟ್ಟಿ ಸುಮ್ಮನೆ ಕಾಯುವುದು. ನಾನು ಮಾಡಿದ್ದು ಇದನ್ನೇ. ಉದ್ದ ಜಡೆ ಕತ್ತರಿಸಲು ಮನಸ್ಸಾಗಲಿಲ್ಲ. ಬಿಳಿ ಕೂದಲು ಬೇಗ ಒಣಗುತ್ತದೆ, ಸ್ವಲ್ಪ ಸಿಡುಕು ಸ್ವಭಾವ ಅದಕ್ಕೆ. ವಾರಕ್ಕೆ ಎರಡು ಸಲ ಕೊಬ್ಬರಿ ಎಣ್ಣೆ ತಾಗಿಸಿ.

ಜನ ಆಡುವ ಮಾತಿಗೂ ತಯಾರಿ ಬೇಕು. ಮೊದಲ ಸಲ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲಿ ಒಂದು ಕಾರ್ಯಕ್ರಮಕ್ಕೆ ಹೋದಾಗ ಗುರುತಿನ ಹೆಂಗಸೊಬ್ಬರು ಕೈ ಹಿಡಿದು, "ಏನಾಯ್ತೇ, ಮೈ ಹುಷಾರಿಲ್ವಾ?" ಅಂದರು. ವಿವರಿಸಲು ಹೋದರೆ ಮಾತು ಬೆಳೆಯುತ್ತದೆ, ಗಂಟಲು ಕಟ್ಟುತ್ತದೆ. "ಹುಷಾರಿದ್ದೇನೆ ಅಕ್ಕಾ, ಬಣ್ಣ ಹಚ್ಚೋದು ಬಿಟ್ಟೆ" ಅಂದೆ. ಅಷ್ಟು ಸಾಕು. ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ. ಇಲ್ಲದಿದ್ದರೆ ಅತ್ತಿಗೆ ನಾದಿನಿಯರೆಲ್ಲ ದಿನಕ್ಕೊಂದು ಸಲಹೆ ಕೊಡುತ್ತಾರೆ. ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಮರಾಠಿಯ "ಕಾಕೂ" (ಚಿಕ್ಕಮ್ಮ) ಹೋಗಿ "ಆಜಿ" (ಅಜ್ಜಿ) ಬಂತು. ಮೊದಲ ದಿನ ಠಾಣೆಯವರೆಗೂ ಕಿಟಕಿಯ ಹೊರಗೇ ನೋಡುತ್ತ ಹೋದೆ. ಈಗ ಸೀಟು ಬಿಟ್ಟುಕೊಟ್ಟ ಹುಡುಗಿಯ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ.

ಇದೇ ಮುಂಬೈಯಲ್ಲಿ ವಹೀದಾ ರೆಹಮಾನ್, ಜೀನತ್ ಅಮಾನ್ ಬಿಳಿ ಕೂದಲಿನಲ್ಲೇ ಎಲ್ಲರೆದುರು ಬರುತ್ತಾರೆ. ಒಂದು ಕಾಲಕ್ಕೆ ಇಡೀ ದೇಶವೇ ಅವರ ಮುಖ ನೋಡುತ್ತಿತ್ತು. ನನಗೆ ಅದು ಧೈರ್ಯ ಕೊಟ್ಟಿದ್ದು ನಿಜ. ಆದರೆ ಬಿಳಿ ಬಿಡುವುದೇ ದೊಡ್ಡತನ ಅಂತ ನಾನು ಹೇಳುವುದಿಲ್ಲ. ನನ್ನ ಒಬ್ಬ ಗಿರಾಕಿಗೆ 71. ನಾಲ್ಕು ವಾರಕ್ಕೊಮ್ಮೆ ತಪ್ಪದೆ ಬಂದು ಬಣ್ಣ ಹಾಕಿಸಿಕೊಳ್ಳುತ್ತಾರೆ. ಗಂಡ ತೀರಿಕೊಂಡ ವರ್ಷ ಯಾರೋ "ಇನ್ನೇಕೆ ಇದೆಲ್ಲ" ಅಂದರಂತೆ. "ನನ್ನ ತಲೆ, ನನಗೆ ಬೇಕು" ಅಂದರಂತೆ ಅವರು. ಅವರ ತಲೆಗೆ ಬಣ್ಣ ಹಚ್ಚುವಾಗ ನನ್ನ ಕೈ ಬೇರೆಯವರಿಗಿಂತ ನಿಧಾನವಾಗಿ ಹೋಗುತ್ತದೆ.

ಕೂದಲು ಉದುರುವುದು ಬೇರೆ ಕಥೆ. ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಇದ್ದದ್ದೇ. ಜ್ವರ, ಆಪರೇಶನ್, ದೊಡ್ಡ ದುಃಖ ಆಗಿ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಬಂದರೆ ಹೆದರಬೇಡಿ, ಹೆಚ್ಚಾಗಿ ತಿರುಗಿ ಬರುತ್ತದೆ. ಬೈತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಬೇಗ ಚರ್ಮದ ಡಾಕ್ಟರಿಗೆ ತೋರಿಸಿ, ತಡವಾದಷ್ಟೂ ಔಷಧ ಕಡಿಮೆ ಕೆಲಸ ಮಾಡುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ಥೈರಾಯ್ಡ್, ಈ ನಾಲ್ಕರ ರಕ್ತಪರೀಕ್ಷೆ ಬೇಕಾ ಅಂತ ಕೇಳಿ. ಈರುಳ್ಳಿ ರಸಕ್ಕಿಂತ ಮೊದಲು ಇದು.

ಏನು ಹಚ್ಚಬೇಕು, ಏನು ಹಚ್ಚಬಾರದು

ನಾನೇ ಫೇಶಿಯಲ್ ಮಾಡುವವಳು, ಆದರೂ ಹೇಳುತ್ತೇನೆ. ಫೇಶಿಯಲ್‌ನಿಂದ ಸುಕ್ಕು ಹೋಗುವುದಿಲ್ಲ. ಒಂದು ಗಂಟೆ ಯಾರೋ ನಿಮ್ಮ ಮುಖ ಮುಟ್ಟಿ ಒತ್ತುತ್ತಾರೆ, ಕಣ್ಣು ಮುಚ್ಚಿ ಮಲಗುತ್ತೀರಿ, ಒಂದೆರಡು ದಿನ ಮುಖ ಗೆಲುವಾಗಿರುತ್ತದೆ. ಮನೆಯಲ್ಲಿ ಎಲ್ಲರ ತಲೆ ಒತ್ತಿ ತನ್ನ ತಲೆ ಒತ್ತಿಸಿಕೊಳ್ಳದ ಹೆಂಗಸಿಗೆ ಆ ಒಂದು ಗಂಟೆ ದೊಡ್ಡದು. ಅದಕ್ಕಾಗಿ ಬನ್ನಿ. ಸುಕ್ಕಿಗಾಗಿ ದುಡ್ಡು ಕೊಡಬೇಡಿ.

ಸುಕ್ಕಿಗೂ ಬಂಗಿಗೂ ನಿಜವಾಗಿ ಕೆಲಸ ಮಾಡುವುದು ಬಿಸಿಲು ತಡೆಯುವುದು. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕೆ ಕಡಿಮೆ ಇರಬಾರದು, ಯುವಿಎ ಅನ್ನುವ ಬಿಸಿಲಿನ ಕಿರಣವನ್ನೂ ತಡೆಯುತ್ತದೆ ಅಂತ ಟ್ಯೂಬಿನ ಮೇಲೆ ಬರೆದಿರಬೇಕು. ಯುವಿಎ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ತೆಗೆದುಕೊಂಡು ಮುಖಕ್ಕೂ ಕತ್ತಿಗೂ ಹಚ್ಚಿ. ಕತ್ತನ್ನು ಎಲ್ಲರೂ ಮರೆಯುತ್ತಾರೆ. ಮುಂಬೈ ಸೆಕೆಗೆ ಜಿಡ್ಡಿನದು ಬೇಡ, ಜೆಲ್ ತರಹದ್ದು ಸಾಕು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇದರ ಜೊತೆ ಕೊಡೆ, ಮುಖಕ್ಕೆ ಸೆರಗು.

ರಾತ್ರಿ ಹಚ್ಚುವ, ವಿಟಮಿನ್ ಎ ಜಾತಿಯ ರೆಟಿನಾಯ್ಡ್ ಕ್ರೀಮುಗಳು ಸಣ್ಣ ಗೆರೆಗಳಿಗೆ ತಿಂಗಳುಗಟ್ಟಲೆ ಹಚ್ಚಿದರೆ ಫಲ ಕೊಡುತ್ತವೆ. ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ಮೊದಮೊದಲು ವಾರಕ್ಕೆ ಎರಡೇ ರಾತ್ರಿ. ಜಾಸ್ತಿ ಹಚ್ಚಿದರೆ ಸಿಪ್ಪೆ ಏಳುತ್ತದೆ. ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಸುಕ್ಕಿಗೆ ಬೊಟಾಕ್ಸ್ ಸೂಜಿ ಹಾಕಿಸುವವರಿದ್ದಾರೆ, ತಪ್ಪೇನಿಲ್ಲ. ಅದು ಮೂರು ನಾಲ್ಕು ತಿಂಗಳಷ್ಟೇ ಇರುತ್ತದೆ ಅಂತ ಗೊತ್ತಿರಲಿ. ಸೂಜಿ ಹಿಡಿಯುವವರು ಡಾಕ್ಟರೇ ಆಗಿರಬೇಕು, ನನ್ನಂಥ ಪಾರ್ಲರಿನವರಲ್ಲ.

ಇನ್ನು ಹಚ್ಚಬಾರದ್ದು. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು, 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ನನ್ನ ವಯಸ್ಸಿನವರು ಬೆಳೆದದ್ದೆಲ್ಲ ಬೆಳ್ಳಗಾಗುವ ಆಸೆಯ ನಡುವೆಯೇ. ಅದು ಇನ್ನೂ ಪೂರ್ತಿ ಹೋಗಿಲ್ಲ. ಮುಖ ಕಳೆಗುಂದಿದೆ ಅಂತ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಟ್ಯೂಬ್ ತರುತ್ತಾರೆ. ಹತ್ತು ದಿನದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಆರು ತಿಂಗಳಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಕೆಂಪು ನರ ಎದ್ದು ಕಾಣುತ್ತವೆ, ಬಿಸಿಲಿಗೆ ಹೋದರೆ ಉರಿ, ಗದ್ದದಲ್ಲಿ ಕೂದಲು. ಟ್ಯೂಬಿನಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಡಾಕ್ಟರು ಬರೆದುಕೊಟ್ಟಷ್ಟು ದಿನ ಮಾತ್ರ ಹಚ್ಚುವುದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಒಮ್ಮೆಲೇ ಬಿಟ್ಟಾಗ ಮುಖ ಕೆರಳುತ್ತದೆ, ಡಾಕ್ಟರ ಜೊತೆ ಸೇರಿ ಬಿಡಿ. ಲೇಬಲ್ಲೇ ಇಲ್ಲದ ಡಬ್ಬಿಯ ಬಿಳಿ ಕ್ರೀಮುಗಳಲ್ಲಿ ಪಾದರಸ ಇರಬಹುದು. ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತದೆ. ಖಾಸಗಿ ಡಾಕ್ಟರ ಫೀಸು ಭಾರ ಅನ್ನಿಸಿದರೆ ಸಯಾನ್, ಪರೇಲ್‌ನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಮೂರೂ ಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು ಅಷ್ಟೇ.

ಕಳೆದ ವರ್ಷ ಒಬ್ಬರು ಹುಬ್ಬು ತೆಗೆಸಲು ಬಂದರು. ಹಣೆಯ ಸ್ಟಿಕರ್ ಬೊಟ್ಟು ತೆಗೆದು ಕನ್ನಡಿಗೆ ಅಂಟಿಸಿದರು, ನಾವೆಲ್ಲ ಮಾಡುವ ಹಾಗೆ. ಬೊಟ್ಟು ಇದ್ದ ಜಾಗದಲ್ಲಿ ಅಷ್ಟೇ ಗಾತ್ರದ, ಅಷ್ಟೇ ಗುಂಡಗಿನ ಬಿಳಿ ಕಲೆ. ಅದನ್ನು ಮುಚ್ಚಲು ದಿನದಿಂದ ದಿನಕ್ಕೆ ಇನ್ನೂ ದೊಡ್ಡ ಸ್ಟಿಕರ್ ಹಚ್ಚುತ್ತಿದ್ದರು. ಕಲೆಯೂ ದೊಡ್ಡದಾಗುತ್ತ ಹೋಗಿತ್ತು. ಕೆಲವು ಸ್ಟಿಕರ್‌ಗಳ ಅಂಟಿನಲ್ಲಿರುವ ರಾಸಾಯನಿಕ ಚರ್ಮದ ಬಣ್ಣದ ಕಣಗಳನ್ನೇ ಸಾಯಿಸುತ್ತದೆ. ಅವರ ಕಣ್ಣಲ್ಲಿ ನೀರು ಬಂತು, ತೊನ್ನು ಅಂತ ಯಾರಿಗೂ ಹೇಳದೆ ಎರಡು ವರ್ಷ ಕಳೆದಿದ್ದರು. ಸ್ಟಿಕರ್ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ ಅಂದೆ. ಹಣೆಯಲ್ಲಿ ತುರಿಕೆ ಅಥವಾ ಬಣ್ಣ ತಿಳಿಯಾದದ್ದು ಕಂಡರೆ ನೀವೂ ಅವತ್ತೇ ಸ್ಟಿಕರ್ ಬಿಡಿ.

ಕತ್ತಿನ ಹಿಂದೆ ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪಗಾದರೆ ಅದು ಕೊಳೆ ಅಲ್ಲ. ನಿಂಬೆಹಣ್ಣು, ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡವರನ್ನು ಕಂಡಿದ್ದೇನೆ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹಾಗಾಗುತ್ತದೆ. ಸಕ್ಕರೆ ಪರೀಕ್ಷೆ ಮಾಡಿಸಿ. ಹುಬ್ಬಿನ ಹೊರಗಿನ ತುದಿ ತಾನಾಗಿಯೇ ಉದುರಿದ್ದರೆ ಥೈರಾಯ್ಡ್ ನೋಡಿಸಿ. ಹುಬ್ಬು ತೆಗೆಸುವಾಗ ಈಗ ಎರಡೂ ಕೈಯಿಂದ ಚರ್ಮ ಬಿಗಿಯಾಗಿ ಹಿಡಿದುಕೊಳ್ಳಬೇಕು, ಸಡಿಲ ಚರ್ಮ ದಾರಕ್ಕೆ ಸಿಕ್ಕಿ ಕತ್ತರಿಸುತ್ತದೆ. ತೀರಾ ತೆಳು ಮಾಡಿಸಬೇಡಿ, ಈ ವಯಸ್ಸಿನಲ್ಲಿ ತೆಗೆದ ಕೂದಲೆಲ್ಲ ತಿರುಗಿ ಬರುತ್ತದೆ ಅಂತ ಹೇಳಲಾಗದು.

ರವಿಕೆ, ಟೇಪು, ಕುರ್ಚಿ

ಹಳೇ ರವಿಕೆಯಲ್ಲಿ ಮೈ ತುರುಕಿ ಅತ್ತವರು ಎಷ್ಟು ಜನ. ಮೈಗೆ ತಕ್ಕ ಬಟ್ಟೆ ಬೇಕು, ಬಟ್ಟೆಗೆ ತಕ್ಕ ಮೈ ಯಾಕೆ? ಟೈಲರಿಗೆ ಹಳೇ ಅಳತೆ ರವಿಕೆ ಕೊಡುವುದನ್ನು ನಿಲ್ಲಿಸಿ, ಹೊಸದಾಗಿ ಅಳತೆ ಕೊಡಿ. ಒಳಗೆ ಎರಡು ಹೊಲಿಗೆಯಷ್ಟು ಬಟ್ಟೆ ಬಿಡಿಸಿ. ತೋಳು ಸ್ವಲ್ಪ ಉದ್ದ ಇಡಿಸಬೇಕೋ ಬೇಡವೋ ನಿಮ್ಮ ಇಷ್ಟ. ನಾನು ತೋಳಿಲ್ಲದ್ದನ್ನೂ ಹಾಕುತ್ತೇನೆ, ಮೇ ತಿಂಗಳ ಸೆಕೆಗೆ ಮತ್ತೇನು. ಬ್ರಾ ಕೂಡ ಅಳತೆ ತೆಗೆದು ಹೊಸದು ಕೊಳ್ಳಿ. ಸರಿಯಾದ ಬ್ರಾ ಹಾಕಿದ ದಿನ ಬೆನ್ನು ತಾನಾಗಿ ನೇರವಾಗುತ್ತದೆ.

ಭಾರದ ಜುಮಕಿಗೆ ಕಿವಿಯ ತೂತು ಜೋತುಬಿದ್ದಿದ್ದರೆ ಮಾಟಿ ಹಾಕಿ ಭಾರ ಕೂದಲಿಗೆ ಕೊಡಿ. ಪೂರ್ತಿ ಹರಿದಿದ್ದರೆ ಡಾಕ್ಟರು ಸಣ್ಣ ಹೊಲಿಗೆ ಹಾಕಿ ಸರಿಮಾಡುತ್ತಾರೆ. ದವಡೆ ಹಲ್ಲು ಹೋದ ಜಾಗ ಖಾಲಿ ಬಿಟ್ಟರೆ ಕೆನ್ನೆ ಒಳಗೆ ಹೋದ ಹಾಗೆ ಕಾಣುತ್ತದೆ. ಕ್ರೀಮಿನ ದುಡ್ಡನ್ನು ಹಲ್ಲಿಗೆ ಹಾಕಿ.

ಟೇಪು ಹೇಗೂ ಕೈಯಲ್ಲಿರುತ್ತದೆ, ಸೊಂಟದ ಸುತ್ತಳತೆಯನ್ನೂ ನೋಡಿಬಿಡಿ. ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ, ಬಿಪಿ ಕಡೆ ಗಮನ ಬೇಕು. ಎತ್ತರವನ್ನೂ ಗೋಡೆಗೆ ಗುರುತು ಹಾಕಿ ಅಳೆಯಿರಿ. ಯೌವನದ ಎತ್ತರಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ ಮೂಳೆಯ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ರಾಗಿ ಬಿಡಬೇಡಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಾ ಬೆಳಿಗ್ಗೆ ಹಿಟ್ಟು ಕಲಸುವ ಮುಂಚೆ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಮೊಣಕಾಲು ನೋವಿದ್ದರೆ ಐದು. ವಯಸ್ಸು ಮುಖಕ್ಕಿಂತ ಮೊದಲು ನಾವು ಏಳುವ ರೀತಿಯಲ್ಲಿ ಕಾಣುತ್ತದೆ.

ಫೋಟೋ

ಆಯಿ ಹೋದದ್ದು 2009ರಲ್ಲಿ, 69ನೇ ವಯಸ್ಸಿಗೆ. ಗೋಡೆಗೆ ಹಾಕಲು ಫೋಟೋ ಬೇಕು ಅಂತ ಅಣ್ಣ, ನಾನು ಕಬ್ಬಿಣದ ಟ್ರಂಕು ತೆಗೆದು ಕೂತೆವು. ಮೂರು ಮದುವೆಯ ಆಲ್ಬಂ, ಎರಡು ಮುಂಜಿ, ಮೊಮ್ಮಕ್ಕಳ ನಾಮಕರಣ. ಒಂದರಲ್ಲಿ ಆಯಿಯ ಅರ್ಧ ಭುಜ. ಒಂದರಲ್ಲಿ ಬಾಗಿಲ ಸಂದಿಯಲ್ಲಿ ಸೆರಗು. "ನಾನು ಚಂದ ಬರೋದಿಲ್ಲ, ನೀವು ನಿಲ್ಲಿ" ಅಂತ ಪ್ರತಿ ಸಲ ಒಳಗೆ ಹೋಗುತ್ತಿದ್ದಳು. ಕೊನೆಗೆ ಸಿಕ್ಕಿದ್ದು ಅವಳಿಗೆ ಐವತ್ತಿದ್ದಾಗ ತೆಗೆದ ನನ್ನ ಮದುವೆಯ ಗುಂಪು ಫೋಟೋ. ಅದರಿಂದಲೇ ಕತ್ತರಿಸಿ ದೊಡ್ಡದು ಮಾಡಿಸಿದೆವು. ನಾನು ಕೊನೆಯ ಹತ್ತೊಂಬತ್ತು ವರ್ಷ ಪ್ರೀತಿಸಿದ ಮುಖ, ಗದ್ದದ ಕೆಳಗಿನ ಆ ಮಡಿಕೆ, ನಕ್ಕಾಗ ಕಣ್ಣ ತುದಿಯಲ್ಲಿ ಬೀಳುತ್ತಿದ್ದ ಗೆರೆ, ಯಾವುದೂ ಗೋಡೆಯ ಮೇಲಿಲ್ಲ.

ಹಾಗಾಗಿ ಫೋಟೋ ತೆಗೆಸಿಕೊಳ್ಳಿ. ತೆಗೆಯುವವರು ಏಳೆಂಟು ಅಡಿ ದೂರ ನಿಲ್ಲಲಿ. ನೀವು ಕಿಟಕಿಗೆ ಮುಖ ಮಾಡಿ ನಿಲ್ಲಿ, ಹತ್ತು ಗಂಟೆಯ ಬೆಳಕು ಒಳ್ಳೆಯದು. ಗದ್ದವನ್ನು ಸ್ವಲ್ಪ ಮುಂದೆ ತನ್ನಿ. ಕ್ಯಾಮೆರಾ ನೋಡುವುದು ಕಷ್ಟವಾದರೆ ತೆಗೆಯುವವರ ಜೊತೆ ಮಾತಾಡುತ್ತಿರಿ. ಫೋಟೋ ಸುಂದರ ಮಾಡುವ ಆ್ಯಪ್ ಬೇಡ ಅಂತ ಮೊದಲೇ ಹೇಳಿ. ವರ್ಷಕ್ಕೆ ಒಂದನ್ನಾದರೂ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ.

ನಾನು 2020ರಿಂದ ಪ್ರತಿ ದೀಪಾವಳಿಗೆ ಪಾರ್ಲರಿನ ಕಿಟಕಿ ಹತ್ತಿರ, ಜಡೆ ಮುಂದೆ ಹಾಕಿಕೊಂಡು ಒಂದು ಫೋಟೋ ತೆಗೆಸಿಕೊಳ್ಳುತ್ತೇನೆ. ಮಗಳು ತೆಗೆಯುತ್ತಾಳೆ. ಮೊದಲನೆಯದರಲ್ಲಿ ಕಿವಿಯವರೆಗೂ ಬಂದಿಲ್ಲ ಬಿಳಿ. ಆಮೇಲಿನದರಲ್ಲಿ ಭುಜ, ಅದರ ಮುಂದಿನದರಲ್ಲಿ ಎದೆ. ಹೋದ ದೀಪಾವಳಿಯ ಫೋಟೋದಲ್ಲಿ ಜಡೆಯ ತುದಿಗೆ ಒಂದು ಗೇಣು ಮಾತ್ರ ಮೆಹಂದಿಯ ಕೆಂಪು ಉಳಿದಿದೆ.